ಮಣ್ಣು ಪರೀಕ್ಷೆಗೆ ಮಣ್ಣು ತೆಗೆಯೋದು ಹೇಗೆ?

ಕಳೆದ ಬೇಸಿಗೆಯಲ್ಲಿ ನಮ್ಮ ದೊಡ್ಡಪ್ಪ ಮಣ್ಣು ಪರೀಕ್ಷೆ ಮಾಡಿಸಿದರು. ಮಣ್ಣಿನ ಆರೋಗ್ಯ ಕಾರ್ಡು ಬಂತು. ನೋಡಿದರೆ ಸಾವಯವ ಇಂಗಾಲ ಜಾಸ್ತಿ, ರಂಜಕ ಜಾಸ್ತಿ, ಪೊಟ್ಯಾಷ್ ಇನ್ನೂ ಜಾಸ್ತಿ. ಮೂರು ವರ್ಷದಿಂದ ಮುಸುಕಿನ ಜೋಳ ಸೊರಗಿ ನಿಲ್ಲುವ ಹೊಲ ಅದು. "ಲ್ಯಾಬಿನವರಿಗೆ ಏನೂ ಗೊತ್ತಿಲ್ಲ ಬಿಡೋ" ಅಂದರು. "ಮಣ್ಣು ಎಲ್ಲಿ ತೆಗೆದ್ರಿ ದೊಡ್ಡಪ್ಪ?" ಅಂತ ಕೇಳಿದೆ. "ಅಲ್ಲೇ, ಗೇಟ್ ಪಕ್ಕ. ಅಷ್ಟು ದೂರ ಯಾರು ನಡೀತಾರೆ?" ಗೇಟ್ ಪಕ್ಕ ಅಂದರೆ ಪ್ರತಿ ವರ್ಷ ಟ್ರ್ಯಾಕ್ಟರಿನಿಂದ ಕೊಟ್ಟಿಗೆ ಗೊಬ್ಬರ ಇಳಿಸುವ ಜಾಗ. ಲ್ಯಾಬಿನವರು ಪಾಪ, ತಿಪ್ಪೆಯ ಲೆಕ್ಕವನ್ನು ಸರಿಯಾಗಿಯೇ ಬರೆದು ಕಳಿಸಿದ್ದರು.

ಹಾಸನ ಸೀಮೆಯಲ್ಲಿ ಇಂಥ ಕಾರ್ಡುಗಳು ಮನೆಮನೆಯಲ್ಲೂ ಇವೆ. ಮಣ್ಣಿನ ಆರೋಗ್ಯ ಕಾರ್ಡಿನ ಯೋಜನೆ ಶುರುವಾಗಿದ್ದು 2015ರ ಫೆಬ್ರವರಿಯಲ್ಲಿ. ಕಾರ್ಡು ತಪ್ಪು ಅನ್ನುವವರನ್ನು ಕೂರಿಸಿ ಕೇಳಿದರೆ, ಹತ್ತರಲ್ಲಿ ಎಂಟು ಸಲ ತಪ್ಪು ಅವರು ಮಣ್ಣು ತೆಗೆದ ರೀತಿಯಲ್ಲೇ ಸಿಗುತ್ತದೆ. ಸುಮ್ನೆ ಈ ಲೆಕ್ಕ ನೋಡಿ. ಒಂದು ಎಕರೆಯಲ್ಲಿ ಆರು ಇಂಚು ಆಳದ ಮಣ್ಣು ಸುಮಾರು 9 ಲಕ್ಷ ಕಿಲೋ ತೂಗುತ್ತದೆ. ನಾವು ಕಳಿಸುವುದು ಅರ್ಧ ಕಿಲೋ. ಲ್ಯಾಬಿನಲ್ಲಿ ಒಂದೊಂದು ಪರೀಕ್ಷೆಗೆ ಅದರಿಂದ ತೆಗೆಯುವುದು ಕೆಲವೇ ಗ್ರಾಂ. ಆ ಚಿಟಿಕೆ ಮಣ್ಣು ಇಡೀ ಎಕರೆಯ ಪರವಾಗಿ ಮಾತಾಡಬೇಕು.

ಯಾವಾಗ ತೆಗೆಯಬೇಕು?

ಬೆಳೆ ಕೊಯ್ದ ಮೇಲೆ, ಗೊಬ್ಬರ ಹಾಕುವ ಮುಂಚೆ. ನಮ್ಮ ಕಡೆ ಮಾರ್ಚ್, ಏಪ್ರಿಲ್ ಸರಿಯಾದ ಕಾಲ. ಭರಣಿ ಮಳೆ ಬಂದ ಮೇಲೆ ಎಲ್ಲರೂ ಆಲೂಗೆಡ್ಡೆ ಬಿತ್ತನೆಗೆ ಓಡುತ್ತಾರೆ. ಆಗ ಮಣ್ಣು ಕೊಟ್ಟರೆ ಕಾರ್ಡು ಬರುವ ಹೊತ್ತಿಗೆ ಗೆಡ್ಡೆ ಮೊಳೆತಿರುತ್ತದೆ.

ಏನೇನು ಬೇಕು?

ಗುದ್ದಲಿ, ಪ್ಲಾಸ್ಟಿಕ್ ಬಕೆಟ್ಟು, ಒಂದು ಬಿದಿರಿನ ದಬ್ಬೆ, ಶುದ್ಧವಾದ ಬಟ್ಟೆ ಚೀಲ. ಅಷ್ಟೇ. ಆದರೆ ಬಕೆಟ್ಟಿನ ಬಗ್ಗೆ ಎರಡು ಮಾತು. ತಗಡಿನ ಬಕೆಟ್ಟು ಬೇಡ. ಅದರ ಮೇಲೆ ಸತುವಿನ ಲೇಪ ಇರುತ್ತದೆ, ಮಣ್ಣಿನಲ್ಲಿ ಇಲ್ಲದ ಸತು ಕಾರ್ಡಿನಲ್ಲಿ ಕಾಣಿಸುತ್ತದೆ. ತೋಟದವರು ಗಿಡಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣ ಕಲಸುವ ಬಕೆಟ್ಟನ್ನಂತೂ ಮುಟ್ಟಲೇಬಾರದು. ಎಷ್ಟು ತೊಳೆದರೂ ಮೈಲುತುತ್ತ, ಸುಣ್ಣ ಎರಡೂ ಅಂಚಿನಲ್ಲಿ ಕೂತಿರುತ್ತವೆ. ಯೂರಿಯಾ ಚೀಲದಲ್ಲಿ ಮಣ್ಣು ಕಟ್ಟಿ ತರುವವರಿಗೆ ನಾನು ಏನೂ ಹೇಳುವುದಿಲ್ಲ, ಕೈ ಮುಗಿಯುತ್ತೇನೆ.

ಮಣ್ಣು ತೆಗೆಯುವುದು: ಇಲ್ಲಿ ಅವಸರ ಬೇಡ

ಮೊದಲು ಹೊಲದ ಸುತ್ತ ಒಂದು ಸಲ ನಡೆಯಿರಿ, ಬರಿಗೈಲಿ. ಮಣ್ಣಿನ ಬಣ್ಣ ಎಲ್ಲಿ ಬದಲಾಗುತ್ತದೆ, ಇಳಿಜಾರು ಎಲ್ಲಿಂದ ಶುರು, ಯಾವ ಭಾಗಕ್ಕೆ ಕೆರೆ ಗೋಡು ಹೊಡೆಸಿದ್ದಿರಿ, ಹೋದ ವರ್ಷ ಶುಂಠಿ ಎಲ್ಲಿತ್ತು, ರಾಗಿ ಎಲ್ಲಿತ್ತು ಅಂತ ನೋಡಿಕೊಳ್ಳಿ. ಇವೆಲ್ಲ ಬೇರೆ ಬೇರೆ ಮಾದರಿ. ಶುಂಠಿ ಬೆಳೆದ ಜಾಗಕ್ಕೆ ಸುರಿದ ಗೊಬ್ಬರವೇ ಬೇರೆ, ರಾಗಿ ಹೊಲಕ್ಕೆ ಹಾಕಿದ್ದೇ ಬೇರೆ. ಎರಡನ್ನೂ ಕಲಸಿದರೆ ಬರುವ ಲೆಕ್ಕ ಎರಡಕ್ಕೂ ಹೊಂದುವುದಿಲ್ಲ. ಎಲ್ಲ ಒಂದೇ ಥರ ಇದ್ದರೆ ಎಕರೆಗೆ ಒಂದು ಮಾದರಿ ಸಾಕು.

ಬಿಡಬೇಕಾದ ಜಾಗಗಳು ಬದು, ಮರದ ಬುಡ, ಕಾಲುವೆ ಅಂಚು, ಬಣವೆ ಒಟ್ಟಿದ್ದ ಜಾಗ, ಕುರಿಮಂದೆ ನಿಲ್ಲಿಸಿದ್ದ ಜಾಗ. ಕಸ ಸುಟ್ಟ ಕಡೆ ಹೋಗಲೇಬೇಡಿ. ಬೂದಿಯಲ್ಲಿ ಪೊಟ್ಯಾಷ್ ಇರುತ್ತದೆ, ಮಣ್ಣಿನ ಹುಳಿಯನ್ನೂ ಅದು ಇಳಿಸಿರುತ್ತದೆ. ತಿಪ್ಪೆಯ ವಿಷಯ ದೊಡ್ಡಪ್ಪನೇ ಹೇಳಿಕೊಟ್ಟಿದ್ದಾರೆ.

ಈಗ ಹೊಲದೊಳಗೆ ಹಾವಿನ ಹಾಗೆ ಆಚೀಚೆ ಓಲಾಡುತ್ತ ನಡೆಯಿರಿ. ಎಕರೆಗೆ ಕನಿಷ್ಠ 10 ಜಾಗ, ನನ್ನನ್ನು ಕೇಳಿದರೆ 15. ಒಂದೊಂದು ಕಡೆಯೂ ಮೇಲಿನ ಹುಲ್ಲು, ಕೂಳೆ, ಎಲೆ ಸರಿಸಿ. ಮಣ್ಣನ್ನು ಕೆರೆಯಬೇಡಿ, ಕಸ ಮಾತ್ರ ಸರಿಸಿ. ಎರಡು ಕಡೆಯಿಂದ ಓರೆಯಾಗಿ ಗುದ್ದಲಿ ಹಾಕಿ ಇಂಗ್ಲಿಷಿನ 'ವಿ' ಅಕ್ಷರದ ಆಕಾರದ ಗುಂಡಿ ಮಾಡಿ, ಆರು ಇಂಚು ಆಳ. ಟೇಪು ಬೇಕಾಗಿಲ್ಲ. ನಿಮ್ಮ ಗೇಣು ಸುಮಾರು ಒಂಬತ್ತು ಇಂಚು, ಅದರಲ್ಲಿ ಮೂರು ಪಾಲಿಗೆ ಎರಡು ಪಾಲು.

ಗುಂಡಿಯಿಂದ ಹೊರಗೆ ಬಂದ ಮಣ್ಣನ್ನು ಎಸೆಯಿರಿ. ಹೌದು, ಎಸೆಯಿರಿ. ನಮಗೆ ಬೇಕಾಗಿರುವುದು ಗುಂಡಿಯ ಗೋಡೆ. ಒಂದು ಪಕ್ಕದ ಗೋಡೆಯಿಂದ ಒಂದು ಇಂಚು ದಪ್ಪದ ಹೋಳನ್ನು ಮೇಲಿನಿಂದ ತಳದವರೆಗೆ ಒಂದೇ ಸಮ ಕೊಯ್ಯಬೇಕು, ಹಲಸಿನಹಣ್ಣಿನ ತೊಳೆ ಸೀಳಿದ ಹಾಗೆ. ಎಲ್ಲರೂ ಎಡವುವುದು ಇಲ್ಲೇ. ಗುದ್ದಲಿಯಲ್ಲಿ ಒಂದು ಸಲ ಕೆದಕಿ ಮೇಲಿನ ಮಣ್ಣು ತುಂಬಿಕೊಳ್ಳುತ್ತಾರೆ. ಇಲ್ಲವೇ ಹೋಳು ಮೇಲೆ ದಪ್ಪ, ಕೆಳಗೆ ತೆಳ್ಳಗೆ ಬರುತ್ತದೆ. ಗೊಬ್ಬರ, ಕೊಳೆತ ಎಲೆ ಎಲ್ಲ ಮೇಲಿನ ಎರಡು ಇಂಚಿನಲ್ಲಿ ಜಾಸ್ತಿ ಇರುತ್ತದೆ ಅಲ್ವಾ? ಆ ಭಾಗ ಜಾಸ್ತಿ ಬಂದರೆ ಹೊಲ ಇರುವುದಕ್ಕಿಂತ ಶ್ರೀಮಂತವಾಗಿ ಕಾಣುತ್ತದೆ. ಸತು, ಕಬ್ಬಿಣದಂಥ ಸೂಕ್ಷ್ಮ ಪೋಷಕಾಂಶದ ಲೆಕ್ಕವೂ ಬೇಕಿದ್ದರೆ ಗುದ್ದಲಿ ತಾಗಿದ ಮೈಯನ್ನು ದಬ್ಬೆಯಿಂದ ಸ್ವಲ್ಪ ಹೆರೆದು ಹಾಕಿ, ಆಮೇಲೆ ದಬ್ಬೆಯಿಂದಲೇ ಹೋಳು ತೆಗೆಯಿರಿ.

ಕಾಫಿ ತೋಟದಲ್ಲಿ ಆಳ ಒಂಬತ್ತು ಇಂಚು, ಒಂದು ಗೇಣು ಪೂರ್ತಿ. ದರಗು, ಅಂದರೆ ಉದುರಿದ ಒಣ ಎಲೆ, ಸರಿಸಿ ತೆಗೆಯಿರಿ. ಅರೇಬಿಕಾ ಪಟ್ಟೆಯದು ಬೇರೆ, ರೊಬಸ್ಟಾದು ಬೇರೆ. ಅರಸೀಕೆರೆ ಕಡೆ ತೆಂಗಿನ ತೋಟದವರಿಗೆ ಕೆಲಸ ಜಾಸ್ತಿ. ಮೂರು ಅಡಿ ಗುಂಡಿ ತೆಗೆದು, ಒಂದೊಂದು ಅಡಿಯ ಮಣ್ಣನ್ನು ಬೇರೆ ಬೇರೆ ಕಟ್ಟಬೇಕು.

15 ಜಾಗದ್ದು ಸೇರಿದರೆ ಬಕೆಟ್ಟಿನಲ್ಲಿ ಐದಾರು ಕಿಲೋ ಆಗುತ್ತದೆ. ಹೆಂಟೆ ಪುಡಿ ಮಾಡಿ, ಕಲ್ಲು ಬೇರು ಆರಿಸಿ, ಪ್ಲಾಸ್ಟಿಕ್ ಹಾಳೆಯ ಮೇಲೆ ಚೆನ್ನಾಗಿ ಕಲಸಿ ರಾಗಿ ರೊಟ್ಟಿಯ ಹಾಗೆ ತಟ್ಟಿ. ಬೆರಳಿನಿಂದ ಅಡ್ಡ ಒಂದು, ಉದ್ದ ಒಂದು ಗೆರೆ ಎಳೆದು ನಾಲ್ಕು ಪಾಲು ಮಾಡಿ. ಎದುರು ಬದುರಿನ ಎರಡು ಪಾಲು ಎಸೆಯಿರಿ. ಉಳಿದದ್ದನ್ನು ಮತ್ತೆ ಕಲಸಿ, ಮತ್ತೆ ತಟ್ಟಿ, ಮತ್ತೆ ಎರಡು ಪಾಲು ಎಸೆಯಿರಿ. ಅರ್ಧ ಕಿಲೋ ಉಳಿಯುವವರೆಗೂ ಇದೇ ಕೆಲಸ. ಇಷ್ಟೆಲ್ಲ ಯಾಕೆ, ಬಕೆಟ್ಟಿನಿಂದ ಎರಡು ಬೊಗಸೆ ತೆಗೆದರೆ ಆಗಲ್ವಾ ಅಂತ ಪ್ರತಿ ಸಲ ಯಾರಾದರೂ ಕೇಳುತ್ತಾರೆ. ಆಗಲ್ಲ. ನಯವಾದ ಪುಡಿ ಕೆಳಗೆ ಇಳಿದಿರುತ್ತದೆ, ಹರಳು ಮೇಲೆ ಉಳಿದಿರುತ್ತದೆ. ನಿಮ್ಮ ಬೊಗಸೆಗೆ ಬರುವುದು ಹರಳು.

ನೆರಳಲ್ಲಿ ಒಣಗಿಸಿ. ಬಿಸಿಲಿಗೆ ಇಡಬೇಡಿ, ಒಲೆಯ ಹತ್ತಿರವಂತೂ ಬೇಡವೇ ಬೇಡ. ಜಗಲಿಯ ಮೇಲೆ ಹರಡುವವರು ಕೋಳಿ ಕಡೆ ಒಂದು ಕಣ್ಣಿಟ್ಟಿರಿ. ಚೀಟಿಯಲ್ಲಿ ಹೆಸರು, ಊರು, ಸರ್ವೆ ನಂಬರ್, ಹೋದ ಬೆಳೆ, ಮುಂದಿನ ಬೆಳೆ, ನೀರಾವರಿಯೋ ಮಳೆಯಾಶ್ರಯವೋ ಬರೆಯಿರಿ. ಪೆನ್ಸಿಲ್ಲಿನಲ್ಲಿ ಬರೆಯಿರಿ, ಪೆನ್ನಿನ ಶಾಯಿ ತೇವಕ್ಕೆ ಹರಡುತ್ತದೆ. ಒಂದು ಚೀಟಿ ಚೀಲದೊಳಗೆ, ಇನ್ನೊಂದು ಹೊರಗೆ.

ಎಲ್ಲಿ ಕೊಡಬೇಕು?

ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿ. ಹಾಸನದವರಿಗೆ ಕಂದಲಿಯಲ್ಲಿ, ಚಿಕ್ಕಮಗಳೂರಿನವರಿಗೆ ಮೂಡಿಗೆರೆಯಲ್ಲಿ ಕೃಷಿ ವಿಜ್ಞಾನ ಕೇಂದ್ರ ಇದೆ. ಕಾಫಿಯವರಿಗೆ ಬಾಳೆಹೊನ್ನೂರಿನ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆ. ಆನ್‌ಲೈನಿನಲ್ಲಿ ಕೆಲವು ನೂರು ರೂಪಾಯಿಗೆ ಸಿಗುವ, ಮಣ್ಣಿಗೆ ಚುಚ್ಚಿದರೆ ಮುಳ್ಳು ತಿರುಗುವ ಬ್ಯಾಟರಿ ಇಲ್ಲದ ಮೀಟರಿಗೆ ದುಡ್ಡು ಹಾಕಬೇಡಿ. ನಾನು ಹಾಕಿದ್ದೆ. ಒಂದೇ ಪಾತಿಯಲ್ಲಿ ಬೆಳಿಗ್ಗೆ ಒಂದು ಹೇಳಿತು, ನೀರು ಬಿಟ್ಟ ಮೇಲೆ ಇನ್ನೊಂದು ಹೇಳಿತು. ಈಗ ಮೊಮ್ಮಗನ ಆಟಿಕೆ.

ಕಾರ್ಡು ಓದುವುದು

ಕಾರ್ಡಿನಲ್ಲಿ 12 ಅಂಶ ಇರುತ್ತವೆ. ಮೊದಲು ಪಿಎಚ್ ನೋಡಿ, ಅಂದರೆ ರಸಸಾರ. 7ಕ್ಕಿಂತ ಕಡಿಮೆ ಆದಷ್ಟೂ ಹುಳಿ ಮಣ್ಣು. ಸಕಲೇಶಪುರ, ಮೂಡಿಗೆರೆ ಕಡೆ ಜೋರು ಮಳೆ ಸುಣ್ಣದಂಶವನ್ನು ತೊಳೆದುಕೊಂಡು ಹೋಗುವುದರಿಂದ ಹುಳಿಯೇ ಜಾಸ್ತಿ. ಆಮೇಲೆ ಸಾವಯವ ಇಂಗಾಲ. ಶೇ 0.5ಕ್ಕಿಂತ ಕೆಳಗಿದ್ದರೆ ಕಡಿಮೆ, 0.75 ದಾಟಿದರೆ ಒಳ್ಳೆಯದು. ಕಡಿಮೆ ಇದ್ದವರು ಬಾಟಲಿ ಟಾನಿಕ್ಕಿಗೆ ಮರುಳಾಗಬೇಡಿ. ಎಕರೆಗೆ ಒಂದು ಲೀಟರ್ ಕಪ್ಪು ನೀರು ಸಿಂಪಡಿಸಿದರೆ 9 ಲಕ್ಷ ಕಿಲೋ ಮಣ್ಣಿನ ಇಂಗಾಲ ಏರುತ್ತದಾ? ಕೊಟ್ಟಿಗೆ ಗೊಬ್ಬರ, ಹಸಿರೆಲೆ, ಹೊಂಗೆ ಸೊಪ್ಪು ಹಾಕಿ.

ಇನ್ನು ದೊಡ್ಡ ಗುಂಡಿ ಒಂದಿದೆ. ಸಾರಜನಕ, ರಂಜಕ, ಪೊಟ್ಯಾಷ್ ಲೆಕ್ಕ ಸಾಮಾನ್ಯವಾಗಿ ಹೆಕ್ಟೇರಿಗೆ ಬರೆದಿರುತ್ತದೆ. ನಾವು ಓದುವುದು ಎಕರೆಗೆ. ಒಂದು ಹೆಕ್ಟೇರ್ ಅಂದರೆ ಹೆಚ್ಚುಕಮ್ಮಿ ಎರಡೂವರೆ ಎಕರೆ. ನಮ್ಮೂರಿನ ಒಬ್ಬ ಹುಡುಗ ಇದನ್ನು ಗಮನಿಸದೆ ಎರಡೂವರೆ ಪಟ್ಟು ಗೊಬ್ಬರ ಹಾಕಿದ. ಆಲೂಗೆಡ್ಡೆ ಗಿಡ ಸೊಂಟದವರೆಗೆ ಬಂತು, ಕಿತ್ತು ನೋಡಿದರೆ ಬುಡದಲ್ಲಿ ಗೋಲಿ ಗಾತ್ರದ ಗೆಡ್ಡೆ.

ಲೆಕ್ಕ ಹೀಗೆ. ಹೆಕ್ಟೇರಿಗೆ ಸಾರಜನಕ 100, ರಂಜಕ 75, ಪೊಟ್ಯಾಷ್ 100 ಕಿಲೋ ಅಂತ ಶಿಫಾರಸು ಇದೆ ಅಂದುಕೊಳ್ಳಿ. ಎಕರೆಗೆ 40, 30, 40. ಮೊದಲು ರಂಜಕದಿಂದ ಶುರು ಮಾಡಿ. ಡಿಎಪಿ ಗೊಬ್ಬರದಲ್ಲಿ ನೂರಕ್ಕೆ 46 ರಂಜಕ, 18 ಸಾರಜನಕ. 30 ಕಿಲೋ ರಂಜಕಕ್ಕೆ 65 ಕಿಲೋ ಡಿಎಪಿ ಬೇಕು. ಅದರ ಜೊತೆಗೇ ಸುಮಾರು 12 ಕಿಲೋ ಸಾರಜನಕ ಬಂದುಬಿಡುತ್ತದೆ. ಇದನ್ನು ಕಳೆಯುವುದನ್ನೇ ಎಲ್ಲರೂ ಮರೆಯುತ್ತಾರೆ. ಉಳಿದ 28 ಕಿಲೋಗೆ ಯೂರಿಯಾ 61 ಕಿಲೋ. ಯೂರಿಯಾ ಚೀಲ ಈಗ 45 ಕಿಲೋದ್ದು, 50 ಅಂತ ಲೆಕ್ಕ ಹಾಕಬೇಡಿ. 40 ಕಿಲೋ ಪೊಟ್ಯಾಷಿಗೆ ಎಂಒಪಿ, ಅಂದರೆ ಅಂಗಡಿಯಲ್ಲಿ ಸಿಗುವ ಪೊಟ್ಯಾಷ್ ಗೊಬ್ಬರ, 67 ಕಿಲೋ. ಯೂರಿಯಾವನ್ನು ಒಂದೇ ಸಲ ಸುರಿಯದೆ ಅರ್ಧ ಬಿತ್ತುವಾಗ, ಅರ್ಧ ಮಣ್ಣು ಏರಿಸುವಾಗ ಕೊಡಿ. ಅಂಗಡಿಯವನು "ಅಣ್ಣ, ಮೂರು ಹದಿನೇಳು ಎರಡು ಚೀಲ ಹಾಕಿ, ಎಲ್ಲಾ ಸೇರಿ ಬರುತ್ತೆ" ಅಂದರೆ ಕಾರ್ಡು ತೋರಿಸಿ. ಅದರಲ್ಲಿ ಸಾರಜನಕ, ರಂಜಕ, ಪೊಟ್ಯಾಷ್ ಮೂರೂ ನೂರಕ್ಕೆ 17. ಎಲ್ಲವೂ ಸಮ ಬೇಕಿದ್ದರೆ ಪರೀಕ್ಷೆ ಯಾಕೆ ಮಾಡಿಸಬೇಕಿತ್ತು?

ಇನ್ನು ಹುಳಿ ಇಳಿಸಲು ಹಾಕುವ ಸುಣ್ಣದ ಮಾತು. ಪಿಎಚ್ ನಂಬರ್ ಒಂದನ್ನೇ ನೋಡಿ ಸುಣ್ಣ ಎಷ್ಟು ಅಂತ ಹೇಳಲಾಗದು. ಒಂದೇ ಪಿಎಚ್ ಇದ್ದರೂ ಜೇಡಿ ಮಣ್ಣಿಗೆ ಜಾಸ್ತಿ ಬೇಕು, ಮರಳು ಮಣ್ಣಿಗೆ ಕಡಿಮೆ. ಎಷ್ಟು ಸುಣ್ಣ ಬೇಕು ಅಂತ ಲ್ಯಾಬಿನಲ್ಲಿ ಬೇರೆಯಾಗಿ ಕೇಳಿ ಬರೆಸಿಕೊಳ್ಳಿ. ಸುಣ್ಣ ಮತ್ತು ಯೂರಿಯಾ ಒಟ್ಟಿಗೆ ಹಾಕಿದರೆ ಸಾರಜನಕ ಗಾಳಿಗೆ ಹೋಗುತ್ತದೆ, ನಡುವೆ ಕೆಲವು ವಾರ ಬಿಡಿ. ಆಲೂಗೆಡ್ಡೆ ಹಾಕುವ ವರ್ಷ ಸುಣ್ಣ ಬೇಡ. ಆ ಬೆಳೆಗೆ ಸ್ವಲ್ಪ ಹುಳಿ ಇದ್ದರೆ ತೊಂದರೆ ಇಲ್ಲ. ಸುಣ್ಣ ಬಿದ್ದರೆ ಗೆಡ್ಡೆಯ ಮೈಮೇಲೆ ಕಜ್ಜಿ ಏಳುತ್ತದೆ, ಮಾರ್ಕೆಟ್ಟಿನಲ್ಲಿ ಕೇಳುವವರಿರುವುದಿಲ್ಲ. ಮುಂದಿನ ಬೆಳೆಯ ಮುಂಚೆ ಹಾಕಿ.

ಎರಡು ಮೂರು ವರ್ಷಕ್ಕೊಮ್ಮೆ ಮತ್ತೆ ಪರೀಕ್ಷೆ ಮಾಡಿಸಿ. ಅದೇ ತಿಂಗಳಲ್ಲಿ, ಸಾಧ್ಯವಾದರೆ ಅದೇ ಲ್ಯಾಬಿನಲ್ಲಿ. ಹಳೆಯ ಕಾರ್ಡನ್ನು ಪಹಣಿ ಜೊತೆ ಇಟ್ಟುಕೊಂಡಿರಿ. ದೊಡ್ಡಪ್ಪ ಈ ಸಲ ಗುದ್ದಲಿ ಹಿಡಿದು 15 ಜಾಗ ನಡೆದರು. ಬೈಯುತ್ತಲೇ ನಡೆದರು. ಮೊನ್ನೆ ಬಂದ ಕಾರ್ಡಿನಲ್ಲಿ ಸಾವಯವ ಇಂಗಾಲ 0.4.