ಮಸಿ ಮೆತ್ತಿದ ಆನೆ

“ಗಮಕ ಅಂದ್ರೆ ಕಾವ್ಯವಾಚನ ಕಣಯ್ಯಾ. ಎದುರಿಗೆ ಪುಸ್ತಕ ಇರೋವಾಗ ಬಾಯಿಪಾಠದ ಉಸಾಬರಿ ಯಾಕೆ?” ಅಂತ ನಕ್ಕಿದ್ದರು ಹಾಡಿದ ಪದ್ಯಕ್ಕೆ ಅರ್ಥ ಹೇಳುವ ನಮ್ಮ ಕಡೆಯ ಹಿರಿಯ ವ್ಯಾಖ್ಯಾನಕಾರರೊಬ್ಬರು. ಹೋದ ತಿಂಗಳು ಕುಮಾರವ್ಯಾಸ ಭಾರತದ ಉತ್ತರನ ಪೌರುಷದ ಭಾಗದಿಂದ ಸುಮಾರು 60 ಪದ್ಯ ಪುಸ್ತಕ ಮುಟ್ಟದೆ ಹಾಡಿದೆ. ತಪ್ಪಿದ್ದು ಎರಡೋ ಮೂರೋ ಕಡೆ. ಅವತ್ತು ವ್ಯಾಖ್ಯಾನ ಅವರದೇ ಅನ್ನೋದನ್ನೂ ಹೇಳಿಬಿಡ್ತೀನಿ.

ಉಪಾಯ ಹಳೇದೇ: ಮನೆಯ ಒಂದೊಂದು ಜಾಗದಲ್ಲಿ ಒಂದೊಂದು ಪದ್ಯದ ಚಿತ್ರ ಇಟ್ಟು, ಹಾಡುವಾಗ ಮನಸ್ಸಲ್ಲೇ ಮನೆ ಸುತ್ತೋದು. ಇದಕ್ಕೆಂದು ಬೆಂಗಳೂರಿನ ಎರಡು ದಿನದ ಶಿಬಿರವೊಂದಕ್ಕೆ 7,500 ಸುರಿದೆ. ಕಲಿಸಿದ್ದು ದಿನಸಿ ಪಟ್ಟಿ ನೆನಪಿಡೋದು! ಮೂರು ಕಛೇರಿಯ ಸಂಭಾವನೆ ಅಲ್ಲಿಗೆ ಹೋಯ್ತು.

ಕುಮಾರವ್ಯಾಸ ರೂಪಕ ಸಾಮ್ರಾಜ್ಯ ಚಕ್ರವರ್ತಿ. ಚಿತ್ರ ಅವನೇ ಕೊಡ್ತಾನೆ, ನಾನು ಜೋಡಿಸಿಟ್ಟರೆ ಸಾಕು ಅಂದುಕೊಂಡಿದ್ದೆ. ಎಡವಿದ್ದು ಅಲ್ಲೇ. ಒಲೆಯ ಹತ್ತಿರ ಆನೆ ನಿಂತಿತ್ತು, ಸ್ಪಷ್ಟವಾಗಿ. ಸಾಲಿನ ಮೊದಲಿಗೆ ‘ಕರಿ’ ಬರಬೇಕಾದಲ್ಲಿ ‘ಗಜ’ ಅಂದೆ. ಮಾತ್ರೆ ಎರಡೇ, ತಾಳ ಅಲುಗಲಿಲ್ಲ. ಎಲ್ಲ ಸಾಲಿನ ಎರಡನೇ ಅಕ್ಷರ ಹೊಂದಬೇಕಾದ ಪ್ರಾಸ ಮಾತ್ರ ಮುರಿದುಬಿತ್ತು. ಮುಂದೆ ಕೂತಿದ್ದ ಅಜ್ಜ ಒಬ್ಬರು ಕಣ್ಣು ಬಿಟ್ಟು ನೋಡಿದರು. ಚಿತ್ರ ಅರ್ಥವನ್ನು ಹಿಡಿದಿಡುತ್ತೆ, ಶಬ್ದವನ್ನಲ್ಲ.

ಆಮೇಲೆ ಆ ಆನೆಗೆ ಬಾಣಲೆ ತಳದ ಕರಿ ಬಳಿದೆ. ಬೇರೆ ಪದ್ಯದ ‘ಗಜ’ ಜವಳಿ ಅಂಗಡಿಯವನ ಗಜಕಡ್ಡಿ ಸೊಂಡಿಲಲ್ಲಿ ಹಿಡಿದು ಜಗಲಿ ಅಳೀತಾ ಇದೆ. ಪ್ರಾಸ ‘ರ’ ಆದರೆ ಆ ಜಾಗದಲ್ಲಿ ಮೊದಲು ಒಂದು ಮೊರ, ‘ನ’ ಆದರೆ ಬಾನಿ. ಅಲ್ಲಿಂದ ದಿನಕ್ಕೆ ನಾಲ್ಕು ಪದ್ಯ ಕೂತವು. ಮೊದಲು ನಾಲ್ಕಕ್ಕೆ ವಾರ ಬೇಕಿತ್ತು. ಮೂರನೇ ಸಾಲಿನ ಕೊನೆಯ ಗುರುವಿಗೂ (ಎರಡು ಮಾತ್ರೆಯ ಅಕ್ಷರಕ್ಕೂ) ನಾಲ್ಕನೇ ಸಾಲಿಗೂ ಕೊಂಡಿ ಹೇಗೆ ಹಾಕ್ತೀನಿ ಅನ್ನೋದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಅದೇ ಜಾಗಗಳಲ್ಲಿ ಕರ್ಣಭೇದನ, ಅಂದ್ರೆ ಕೃಷ್ಣ ಕರ್ಣನಿಗೆ ಹುಟ್ಟಿನ ಗುಟ್ಟು ಹೇಳುವ ಭಾಗ, ಇಡೋಕೆ ಹೋಗಿ ಕೆಟ್ಟೆ. ಒರಳ ಮೇಲೆ ಕರ್ಣನ ಜೊತೆ ಉತ್ತರಕುಮಾರನೂ ಮೀಸೆ ತಿರುವುತ್ತಾ ಕೂತ, ಎರಡು ತಿಂಗಳಾದರೂ ಏಳಲಿಲ್ಲ.

ಜೊತೆಗೆ ಹಾಡುವ ಅಕ್ಕ ಒಬ್ಬರಿಗೂ ಹೇಳಿಕೊಟ್ಟೆ. “ಕಣ್ಣು ಮುಚ್ಚಿದರೆ ನನಗೆ ಕತ್ತಲೆ ಬಿಟ್ಟು ಏನೂ ಕಾಣಲ್ಲಪ್ಪ” ಅಂದರು. ಮೊದಲು ನೆಪ ಅಂದುಕೊಂಡೆ. ಹಾಗೆ ಚಿತ್ರವೇ ಮೂಡದ ಮನಸ್ಸುಗಳಿವೆಯಂತೆ, ಬ್ರಿಟನ್ನಿನ ನರತಜ್ಞ ಆ್ಯಡಂ ಝೀಮನ್ 2015ರಲ್ಲಿ ಅದಕ್ಕೆ ‘ಅಫಾಂಟೇಸಿಯಾ’ ಅಂತ ಹೆಸರಿಟ್ಟರಂತೆ. ಅಕ್ಕ ಈಗ ಬೆರಳ ಗೆಣ್ಣು ಎಣಿಸಿಕೊಂಡು ಹಾಡ್ತಾರೆ, ನನಗಿಂತ ಕಡಿಮೆ ತಪ್ಪುತ್ತಾರೆ.

ನಮ್ಮ ಮನೆ ತುಂಬಿಹೋಯ್ತು. ಕರ್ಣನಿಗೆ ಭಾವಮೈದುನನ ಮನೆ ನೋಡಿಟ್ಟಿದ್ದೀನಿ. ಹೋದಾಗಲೆಲ್ಲ ಅಡುಗೆಮನೆಗೆ ಇಣುಕೋದು ಯಾಕೆ ಅಂತ ಅವನಿಗಿನ್ನೂ ಹೇಳಿಲ್ಲ.