ಹಳೇ ಟಾಕೀಸಲ್ಲಿ ಮಾತು ಸರಿಯಾಗಿ ಕೇಳಬೇಕಂದ್ರೆ ಎಲ್ಲಿ ಕೂರಬೇಕು?
ಹಾಸನ, ಚಿಕ್ಕಮಗಳೂರು ಕಡೆ ಸಿಂಗಲ್ ಸ್ಕ್ರೀನ್ ಟಾಕೀಸಿಗೆ ಹೋಗೋರು ಕೊನೇ ಸಾಲಲ್ಲಿ ಗೋಡೆಗೊರಗಿ ಕೂರಬೇಡಿ. ಪರದೆಯಿಂದ ಹಿಂದಿನ ಗೋಡೆವರೆಗಿನ ಉದ್ದವನ್ನ ಮೂರು ಪಾಲು ಅಂದ್ಕೊಂಡು, ಎರಡು ಪಾಲು ಮುಗಿಯೋ ಕಡೆ, ನಟ್ಟನಡುವೆ ಸೀಟು ಹಿಡೀರಿ. ಬಾಲ್ಕನಿಯೇ ಬೇಕು ಅನ್ನೋರು ಅದರ ಮುಂದಿನ ಸಾಲು ನೋಡ್ಕೊಳ್ಳಿ. ಸೌಂಡ್ ಹೊಂದಿಸೋವಾಗ ಸಾಮಾನ್ಯವಾಗಿ ಲೆಕ್ಕಕ್ಕೆ ಹಿಡಿಯೋದು ಆ ಎರಡು ಪಾಲು ಮುಗಿಯೋ ಜಾಗವನ್ನೇ. ಪಾತ್ರಗಳ ಮಾತು ಬರೋದು ಪರದೆಯ ಹಿಂದಿರೋ ನಡು ಸ್ಪೀಕರಿನಿಂದ. ಪರದೆ ತುಂಬಾ ಸಣ್ಣ ಸಣ್ಣ ತೂತು ಇರೋದು ಅದಕ್ಕೇ, ಇಂಟರ್ವಲ್ಲಲ್ಲಿ ಹತ್ತಿರ ಹೋಗಿ ನೋಡಿ ಬೇಕಾದ್ರೆ. ಗೋಡೆಗೆ ಅಂಟಿ ಕೂತ್ರೆ ಪಕ್ಕದ ಸ್ಪೀಕರ್ ಕಿವಿಗೇ ಬಡಿದು ಮಾತು ಅದರಡಿ ಮುಚ್ಚಿಹೋಗುತ್ತೆ. ಬಾಲ್ಕನಿ ಕೆಳಗಿನ ಹಿಂದಿನ ಸಾಲುಗಳಂತೂ ಬೇಡವೇ ಬೇಡ, ಸೂರು ತಗ್ಗು, ಸದ್ದು ಕಂಬಳಿ ಹೊದ್ದ ಹಾಗೆ ಮಂಕು. ಆನ್‌ಲೈನ್ ಸೀಟು ನಕ್ಷೆಯಲ್ಲಿ ಇದು ಗೊತ್ತಾಗಲ್ಲ, ಕೌಂಟರಲ್ಲೇ ಕೇಳಿ. ಆಷಾಢದ ಮಳೇಲಿ ಮಾತ್ರ ಈ ಲೆಕ್ಕ ನಡೆಯಲ್ಲ. ಶೀಟಿನ ಸೂರಾದ್ರೆ ಜಡಿಮಳೆಯ ಸದ್ದೇ ಗೆಲ್ಲೋದು. ಆಗ ಕತ್ತು ಸ್ವಲ್ಪ ನೋವಾದ್ರೂ ನಾಲ್ಕೈದು ಸಾಲು ಮುಂದೆ ಸರಿಯೋದೇ ವಾಸಿ. ಪಕ್ಕದ ಸ್ಪೀಕರುಗಳು ಕೆಟ್ಟು ಕೂತಿರೋ ಟಾಕೀಸಲ್ಲೂ ಅಷ್ಟೇ, ಮುಂದೆ ಹೋದಷ್ಟೂ ಮಾತು ಸ್ಪಷ್ಟ. ಇನ್ನು ಸ್ಟಾರ್ ಸಿನಿಮಾದ ಮೊದಲ ದಿನ ಎಲ್ಲಿ ಕೂತ್ರೂ ಒಂದೇ, ಶಿಳ್ಳೆ ಬಿಟ್ಟು ಬೇರೇನೂ ಕೇಳಲ್ಲ (ಅವತ್ತು ಕೇಳಬೇಕಾಗೂ ಇಲ್ಲ ಬಿಡಿ).