ಬಳೆ ಹೋಗಿ ಬಾಳೆ ಆದಾಗ

ಗಿಟಾರ್ ನುಡಿಸುವುದು, ಹಾಡು ಬರೆಯುವುದು ಎರಡೂ ನನ್ನ ಕೆಲಸ. ಮೊದಲ ಕೆಲವು ವರ್ಷ ನಾನು ಬರೆದ ಹಾಡುಗಳೆಲ್ಲ ಒಂದೇ ತಾಯಿಯ ಮಕ್ಕಳ ಹಾಗಿದ್ದವು. ಜಿ, ಸಿ, ಡಿ ಕಾರ್ಡ್‌ಗಳ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಸುತ್ತಲೇ ಗಿರಕಿ. ಗಿಟಾರ್ ತೊಡೆ ಮೇಲೆ ಬಂದ ಕೂಡಲೇ ಬೆರಳುಗಳು ಗೊತ್ತಿರುವ ಜಾಗಕ್ಕೇ ಹೋಗಿ ಕೂರುತ್ತಿದ್ದವು. ರಾಗ ಅವುಗಳ ಹಿಂದೆ ಸುಮ್ನೆ ನಡೆಯುತ್ತಿತ್ತು.

ಟ್ಯೂನಿಂಗ್, ಅಂದರೆ ತಂತಿಗಳ ಶ್ರುತಿ, ಬದಲಿಸಿ ನೋಡಿದೆ. ಆರನೇ, ಎರಡನೇ, ಒಂದನೇ ತಂತಿಗಳನ್ನು ಒಂದೊಂದು ಟೋನ್ (ಒಂದು ಪೂರ್ಣ ಸ್ವರದಷ್ಟು) ಇಳಿಸಿದರೆ ಆರು ತಂತಿಗಳ ಸ್ವರ ಡಿ ಎ ಡಿ ಜಿ ಎ ಡಿ ಆಗುತ್ತದೆ. ಕಲಿತ ಕಾರ್ಡ್ ಹಿಡಿತಗಳು ಅಲ್ಲಿ ನಡೆಯುವುದಿಲ್ಲ, ಕಿವಿಯನ್ನೇ ನಂಬಬೇಕು. ಎರಡು ಒಳ್ಳೆಯ ಹಾಡು ಸಿಕ್ಕವು. ಆಮೇಲೆ ಬೆರಳುಗಳು ಅಲ್ಲೂ ಹೊಸ ಚಟ ಕಲಿತುಬಿಟ್ಟವು!

ಕೊನೆಗೆ ಗಿಟಾರನ್ನು ಪೆಟ್ಟಿಗೆಯಲ್ಲಿಟ್ಟು, ನಡೆಯುತ್ತಾ ಗುನುಗಿ ರಾಗ ಕಟ್ಟತೊಡಗಿದೆ. ಫೋನಿನಲ್ಲಿ ರೆಕಾರ್ಡ್ ಮಾಡಿ, ಮರುದಿನವೂ ನೆನಪಿದ್ದರೆ ಮಾತ್ರ ಕಾರ್ಡ್ ಹುಡುಕುತ್ತೇನೆ. ಮಾತಿನ ತೂಕ ಗೊತ್ತಾಗಿದ್ದೂ ಆಗಲೇ. ಕನ್ನಡದಲ್ಲಿ ಹ್ರಸ್ವವನ್ನು ಎಳೆದರೆ ಅರ್ಥವೇ ಕೆಡಬಹುದು. ನನ್ನದೊಂದು ಸಾಲಿನಲ್ಲಿ 'ಬಳೆ'ಯ 'ಬ' ಉದ್ದನೆಯ ಸ್ವರದ ಮೇಲೆ ಬಿದ್ದಿತ್ತು. ಕೇಳಿದವರಿಗೆಲ್ಲ 'ಬಾಳೆ'! ಪ್ರೇಮಗೀತೆ ತೋಟಗಾರಿಕೆ ಆಯಿತು. ಪದ ಬಿಡಲು ಮನಸ್ಸಿರಲಿಲ್ಲ, ಸ್ವರವನ್ನೇ ಮೊಟಕು ಮಾಡಿದೆ.

ಬೇರೆಯವರಿಗೆ ನುಡಿಸಿದ್ದು ಇನ್ನೊಂದು ಪಾಠ. ನಾಟಕ, ಜಾಹೀರಾತು, ಸ್ಟುಡಿಯೋ, ಯಾವುದಕ್ಕೆ ಕರೆದರೂ ಹೋದೆ. ತಗ್ಗು ಸ್ವರದ ಬೇಸ್ ಗಿಟಾರ್ ಇದ್ದ ಕಡೆ ನಾನೂ ದಪ್ಪ ತಂತಿಗಳನ್ನು ಬಾರಿಸಿದರೆ ಎಲ್ಲ ಮುದ್ದೆಯಾಗುತ್ತದೆ. ಆಗ ಮೇಲಿನ ಸ್ವರದ ಮೂರು ತಂತಿ ಸಾಕು. ಜಿ ಶ್ರುತಿಯಲ್ಲಿ ಬರೆದ ನನ್ನ ಹಾಡೊಂದು ಗಾಯಕಿಗೆ ಸಿಯಲ್ಲಿ ಬೇಕಾಯಿತು. ಐದನೇ ಫ್ರೆಟ್‌ಗೆ (ಗಿಟಾರ್ ಕತ್ತಿನ ಮೇಲಿನ ಲೋಹದ ಪಟ್ಟಿ) ಕೇಪೋ, ಅಂದರೆ ಎಲ್ಲ ತಂತಿಗಳನ್ನೂ ಒತ್ತಿ ಹಿಡಿಯುವ ಕ್ಲಿಪ್, ಹಾಕಿದೆ, ಬೆರಳಿನ ಹಿಡಿತ ಅದೇ. ಆದರೆ ನಾದ ತೆಳುವಾಯಿತು. ಕೇಪೋ ಇಲ್ಲದೆ ಸಿಯಲ್ಲೇ ಇನ್ನೊಂದು ಟ್ರ್ಯಾಕ್ ನುಡಿಸಿ ಸೇರಿಸಿದ ಮೇಲೆ ಮೈದುಂಬಿತು.

ಬಳೆಯ ಹಾಡನ್ನು ರೆಕಾರ್ಡ್ ಮಾಡುವಾಗ ಆ ಸಾಲಿನ ಹಿಂದೆ ನಾನು ಗಿಟಾರಿನಲ್ಲಿ ಒಂದು ಚಂದದ ಸ್ವರಗಳ ಓಟ ನುಡಿಸಿದ್ದೆ. ತುಂಬಾ ದಿನ ಅಭ್ಯಾಸ ಮಾಡಿದ್ದು. ಕೇಳಿ ನೋಡಿದರೆ ಪದ ಮತ್ತೆ ಮಸುಕು. ಹೊಟ್ಟೆ ಉರಿಯಿತು, ಆದರೂ ತೆಗೆಸಿದೆ. ಈಗ ಅಲ್ಲಿ ಗಿಟಾರೇ ಇಲ್ಲ, ಬಳೆ ಮಾತ್ರ ಕೇಳುತ್ತದೆ.